ಸೆಲ್ಯುಲೋಸ್ ಅಚ್ಚಿನಿಂದ ಜಿಂಕ್ ಆಕ್ಸೈಡ್ ನ್ಯಾನೋ ಪುಡಿ: ಮಾಡಿದವರು ಅನುಭವ ಹೇಳಿ

ಕೇಳಿದವರು: ಭತ್ತದ ಹುಲ್ಲಿನಿಂದ ಸೆಲ್ಯುಲೋಸ್ (ಗಿಡದ ನಾರಿನ ವಸ್ತು) ತೆಗೆದು, ಅದನ್ನೇ ಅಚ್ಚಾಗಿಟ್ಟು (ಆಕಾರ ಕೊಟ್ಟು ಕೊನೆಗೆ ಸುಟ್ಟುಹೋಗುವ ಆಧಾರ) ಜಿಂಕ್ ಆಕ್ಸೈಡ್ ಮಾಡಬೇಕೆಂದಿದ್ದೇನೆ. ಹಸಿರು ವಿಧಾನವೇ ಆಗಬೇಕು. ಅದಕ್ಕೆ ಜಿಂಕ್ ನೈಟ್ರೇಟ್ ಲವಣ ಒಳ್ಳೆಯದಾ, ಜಿಂಕ್ ಅಸಿಟೇಟಾ?

ಹತ್ತಿನೂಲು: ನಾನು ಸೆಲ್ಯುಲೋಸನ್ನು ಆಸಿಡ್‌ನಲ್ಲಿ ಒಡೆಯುವ ದಾರಿ ಹಿಡಿದು ಬೇಸತ್ತವಳು. 64% ಸಲ್ಫ್ಯೂರಿಕ್ ಆಸಿಡ್, 45 ಡಿಗ್ರಿ. ಸೆಲ್ಯುಲೋಸ್ ನ್ಯಾನೋ ಹರಳು ಸಿಕ್ಕಿತು, ನಿಜ. ಆದರೆ ಆಮೇಲೆ ತೊಳೆಯುವುದಿದೆಯಲ್ಲ, ಅದು ಜೀವ ಹಿಂಡಿತು. ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಹರಳನ್ನು ತಳಕ್ಕೆ ಕೂರಿಸುವ ಯಂತ್ರ), ನೀರು, ಮತ್ತೆ ಸೆಂಟ್ರಿಫ್ಯೂಜ್. ಆಸಿಡ್ ಕಡಿಮೆಯಾಗುತ್ತಾ ಬಂದ ಹಾಗೆ ಹರಳು ತಳದಲ್ಲಿ ಕೂರುವುದನ್ನೇ ಬಿಟ್ಟಿತು. ಮೇಲಿನ ನೀರು ಬೆಳ್ಳಗೆ ಮಂಜು ಮಂಜಾಗಿ ನಿಂತಿತು. ಆ ನೀರು ಚೆಲ್ಲಿದರೆ ಮಾಲೇ ಹೋಯಿತು. ಕೊನೆಗೆ ಹರಳು ಒಳಗಿಟ್ಟು ಆಸಿಡ್ ಹೊರಬಿಡುವ ಡಯಾಲಿಸಿಸ್ ಚೀಲಕ್ಕೆ ತುಂಬಿ ದಿನಗಟ್ಟಲೆ ನೀರು ಬದಲಿಸಿದೆ. ಒಂದು ಚಿಟಿಕೆ ಪುಡಿಗೆ ಕ್ಯಾನ್‌ಗಟ್ಟಲೆ ಡಿಸ್ಟಿಲ್ಡ್ ವಾಟರ್! ಇದನ್ನು ಹಸಿರು ಅಂದರೆ ನನಗೆ ಸಿಟ್ಟು ಬರುತ್ತದೆ.

ಕುಲುಮೆ: ಕೊನೆಗೆ ಸುಟ್ಟು ಹೋಗುವ ಅಚ್ಚಿಗೆ ನ್ಯಾನೋ ಹರಳು ಯಾಕೆ ಬೇಕಿತ್ತು ಮೇಡಂ? ನಾನು ಫಿಲ್ಟರ್ ಪೇಪರನ್ನು ಜಿಂಕ್ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, 500 ಡಿಗ್ರಿಯಲ್ಲಿ ಸುಟ್ಟೆ. ಬೇಗ ಬಿಸಿ ಮಾಡಿದಾಗ ಮಾತ್ರ ಕೆಟ್ಟಿತು. ನೈಟ್ರೇಟೇ ಆಕ್ಸಿಜನ್ ಕೊಡುತ್ತದೆ, ಪೇಪರ್ ಉರುವಲು. ಧಗ್ಗನೆ ಹೊತ್ತಿ, ಕಂದು ಹೊಗೆ ಎದ್ದು, ಪುಡಿ ಕುಲುಮೆ ತುಂಬಾ ಹಾರಿತು. ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿದ ಮೇಲೆ ಆಕ್ಸೈಡ್ ಪೇಪರಿನ ನಾರಿನ ಆಕಾರದಲ್ಲೇ ಉಳಿಯಿತು. ಆ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಈಗಲೂ ನನ್ನ ಗೋಡೆಯ ಮೇಲಿದೆ.

ಹತ್ತಿನೂಲು: ಕಂದು ಹೊಗೆ ಅಂದರೆ ನೈಟ್ರೋಜನ್ ಡೈಆಕ್ಸೈಡ್. ವಿಷ ಅದು. ಅದನ್ನು ಗಾಳಿಗೆ ಬಿಟ್ಟು ಇನ್ನೊಬ್ಬರ ಕೆಲಸಕ್ಕೆ ಹೆಸರಿಡಬೇಡಿ.

ಕುಲುಮೆ: ನಾನು ಗಾಳಿಗೆ ಬಿಡುವುದಿಲ್ಲ, ಕ್ಷಾರದ ನೀರಿನ ಮೂಲಕ ಹಾಯಿಸುತ್ತೇನೆ. ನಿಮ್ಮ ಆಸಿಡ್ ನೀರನ್ನು ಏನು ಮಾಡಿದಿರಿ?

ಹತ್ತಿನೂಲು: ತಟಸ್ಥ ಮಾಡಿಯೇ ಬಿಟ್ಟೆ. ಕೇಳುವ ಧಾಟಿ ಸರಿಯಿಲ್ಲ.

ಬೂದಿ: ಫಿಲ್ಟರ್ ಪೇಪರ್‌ನವರಿಗೆ ಹುಲ್ಲಿನ ಕಷ್ಟ ಗೊತ್ತಿಲ್ಲ. ನನ್ನ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇಯಿಂದ ಹರಳು ಗುರುತಿಸುವ ಪರೀಕ್ಷೆ) ಜಿಂಕ್ ಆಕ್ಸೈಡಿನ 31.7, 34.4, 36.2 ಡಿಗ್ರಿಯ ಗೆರೆಗಳು ಚೆನ್ನಾಗಿ ಬಂದವು. ಜೊತೆಗೆ 22ರ ಹತ್ತಿರ ಅಗಲವಾದ ಗುಡ್ಡೆ! ಸೆಲ್ಯುಲೋಸ್ ಪೂರ್ತಿ ಸುಟ್ಟಿಲ್ಲ ಅಂತ ಮತ್ತೆ ಮತ್ತೆ ಸುಟ್ಟೆ. ಗುಡ್ಡೆ ಜಗ್ಗಲಿಲ್ಲ. ಅದು ಹುಲ್ಲಿನ ಸಿಲಿಕಾ, ಮರಳಿನಂಥದ್ದು, ಸುಟ್ಟರೆ ಹೋಗುವುದಿಲ್ಲ. ಹುಲ್ಲನ್ನು ಮೊದಲೇ ಕಾಸ್ಟಿಕ್ ಸೋಡಾದಲ್ಲಿ ಚೆನ್ನಾಗಿ ಕುದಿಸಿದ ಮೇಲೆ ಹೋಯಿತು, ನಾರನ್ನು ಅಂಟಿಸಿಡುವ ಲಿಗ್ನಿನ್ ಕೂಡ ಬಿಟ್ಟಿತು. ಬ್ಲೀಚಿಗೆ ಕ್ಲೋರಿನ್ ಇರುವ ಕ್ಲೋರೈಟ್ ಬಿಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹಿಡಿದೆ. ಸ್ವಲ್ಪ ಹಳದಿ ಉಳಿಯಿತು, ಉಳಿಯಲಿ. ನಾನು ಅಸಿಟೇಟ್‌ನವನು: ಜಿಂಕ್ ಹೈಡ್ರಾಕ್ಸೈಡ್ ತಳದಲ್ಲಿ ಕೂರಲು ಕ್ಷಾರವನ್ನು ಹನಿ ಹನಿಯಾಗಿ ಹಾಕಬೇಕು, ಜಾಸ್ತಿಯಾದರೆ ಕೂತ ಜಿಂಕ್ ಹೈಡ್ರಾಕ್ಸೈಡ್ ಮತ್ತೆ ಕರಗುತ್ತದೆ. ನನ್ನ ಕಣ 18 ನ್ಯಾನೋಮೀಟರ್.

ಕುಲುಮೆ: ಟಿಇಎಂ (ಕಣವನ್ನೇ ನೇರವಾಗಿ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಮಾಡಿಸಿದಿರಾ?

ಬೂದಿ: ಎಕ್ಸ್‌ಆರ್‌ಡಿ ಗೆರೆಯ ಅಗಲದಿಂದ ಗಾತ್ರ ಲೆಕ್ಕ ಹಾಕುವ ಶೆರರ್ ಸೂತ್ರದಿಂದ ತೆಗೆದದ್ದು.

ಕುಲುಮೆ: ಹಾಗಾದರೆ ಅದು ಹರಳಿನ ಗಾತ್ರ, ಕಣದ್ದಲ್ಲ. ಒಂದು ಕಣದಲ್ಲಿ ಎಷ್ಟೋ ಹರಳು ಅಂಟಿಕೊಂಡಿರುತ್ತವೆ.

ಬೂದಿ: ಟಿಇಎಂ ಸರದಿಗಾಗಿ ತಿಂಗಳುಗಟ್ಟಲೆ ಕಾಯುವವರ ಪಾಡು ನಿಮಗೆ ಗೊತ್ತಾ?

ಹತ್ತಿನೂಲು: ಈ ವಿಷಯದಲ್ಲಿ ಮಾತ್ರ ಕುಲುಮೆಯವರು ಹೇಳಿದ್ದು ಸರಿ.