ಬಿ210ರಲ್ಲಿ ವೈಫೈ ಫ್ರೇಮ್: 5ಕ್ಕೆ ಸರಿ, 20ಕ್ಕೆ ಚಿಂದಿ. ದಯವಿಟ್ಟು ನೋಡಿ

ಅಲೆಮಾರಿ: ಮೂರು ರಾತ್ರಿಯಿಂದ ಇದೇ ಗೋಳು. ಎರಡು ಯುಎಸ್‌ಆರ್‌ಪಿ ಬಿ210 (ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಜೋಡಿಸುವ ರೇಡಿಯೊ ಬೋರ್ಡ್), ಗ್ನೂ ರೇಡಿಯೊ ಸಾಫ್ಟ್‌ವೇರ್. ಒಂದು ವೈಫೈ ಫ್ರೇಮ್ (ಡೇಟಾದ ಕಂತು) ಕಳಿಸಬೇಕು, ಇನ್ನೊಂದು ಹಿಡಿಯಬೇಕು, ಅಷ್ಟೇ. 5 ಮೆಗಾಹರ್ಟ್ಜ್ ಬ್ಯಾಂಡ್‌ವಿಡ್ತ್‌ಗೆ ಎಲ್ಲಾ ಫ್ರೇಮ್ ಬರುತ್ತವೆ. 20ಕ್ಕೆ ಏರಿಸಿದರೆ ಪರದೆ ತುಂಬಾ ಬರೀ ಇಂಗ್ಲಿಷ್ 'ಓ' ಅಕ್ಷರದ ಸಾಲು. ಕೋಡ್ ಸರಿ ಇದೆ, ಹತ್ತು ಸಲ ನೋಡಿದ್ದೇನೆ.

ಸಿಗ್ನಲ್_ಭಟ್ಟ: ಗೇನ್ (ಸಿಗ್ನಲ್ ವರ್ಧನೆ) ಜಾಸ್ತಿ ಇದೆ. ವೈಫೈ ಬಳಸುವ ಒಎಫ್‌ಡಿಎಂ ವಿಧಾನದಲ್ಲಿ ಸಿಗ್ನಲ್ ಶಿಖರಗಳು ಎತ್ತರ, ಬೇಗ ಕತ್ತರಿಸಿಹೋಗುತ್ತವೆ. 10 ಡಿಬಿ ಇಳಿಸಿ.

ಅಲೆಮಾರಿ: ಇಳಿಸಿದೆ. ಅದೇ ಕತೆ.

ಸಿಗ್ನಲ್_ಭಟ್ಟ: ಇನ್ನೂ 10 ಇಳಿಸಿ. ಆಗಲಿಲ್ಲವೆಂದರೆ ಆಂಟೆನಾ ತೆಗೆದು ಕೇಬಲ್ ಹಾಕಿ, ನಡುವೆ 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಬಿಡಿಭಾಗ) ಇರಲೇಬೇಕು. ಸಿಗ್ನಲ್ ಶಕ್ತಿ ಮೈನಸ್ 15 ಡಿಬಿಎಂ ದಾಟಿದರೆ ಇನ್‌ಪುಟ್ ಸುಟ್ಟೀತು.

ಮಲೆನಾಡ_ಏರಿಯಲ್: ಕೇಬಲ್ಲೇ ಒಳ್ಳೇದು. ಗಾಳಿಗೆ ಬಿಡಲು ಅನುಮತಿ ಇದೆಯಾ?

ಸಿಗ್ನಲ್_ಭಟ್ಟ: 5.8 ಗಿಗಾಹರ್ಟ್ಜ್‌ಗೆ 2018ರಿಂದ ಲೈಸೆನ್ಸ್ ಬೇಡ ಮಾರಾಯ್ರೇ.

ಮಲೆನಾಡ_ಏರಿಯಲ್: ಅದು ಟೈಪ್ ಅಪ್ರೂವಲ್ (ಮಾದರಿಗೆ ಸರ್ಕಾರದ ಒಪ್ಪಿಗೆ) ಆದ ಸಾಧನಕ್ಕೆ. ಮನೆಯಲ್ಲಿ ಕಟ್ಟಿದ್ದಕ್ಕಲ್ಲ. ಆದೇಶ ಪೂರ್ತಿ ಓದಿ.

ಗುಬ್ಬಿ_ಎಫ್‌ಪಿಜಿಎ: ಆ 'ಓ' ಅಂದರೆ ಓವರ್‌ಫ್ಲೋ. ಕಂಪ್ಯೂಟರಿಗೆ ಸ್ಯಾಂಪಲ್ (ಸಿಗ್ನಲ್‌ನ ಒಂದೊಂದು ಅಳತೆ) ಎತ್ತಿಕೊಳ್ಳಲು ಆಗುತ್ತಿಲ್ಲ. ಗೇನ್ ಬಿಡಿ. ಸ್ಯಾಂಪಲ್‌ಗೆ 4 ಬೈಟ್, ಸೆಕೆಂಡಿಗೆ 2 ಕೋಟಿ ಸ್ಯಾಂಪಲ್. ಸೆಕೆಂಡಿಗೆ 640 ಮೆಗಾಬಿಟ್ ಆಯಿತು. ಯುಎಸ್‌ಬಿ 2ರ ಮಿತಿಯೇ 480. ಶುರುವಿನಲ್ಲಿ ಬೋರ್ಡಿನ ಡ್ರೈವರ್ ಯುಎಚ್‌ಡಿ 'ಆಪರೇಟಿಂಗ್ ಓವರ್ ಯುಎಸ್‌ಬಿ' ಅಂತ ಬರೆಯುತ್ತದಲ್ವಾ, ಮುಂದೆ ಎಷ್ಟಿದೆ?

ಅಲೆಮಾರಿ: 2! ಆದರೆ ಪೋರ್ಟ್ ನೀಲಿಯದೇ, ಯುಎಸ್‌ಬಿ 3ರದ್ದು. ಬಾಕ್ಸ್‌ನ ಕೇಬಲ್ ಗಿಡ್ಡ ಅಂತ ಪ್ರಿಂಟರ್ ಕೇಬಲ್ ಹಾಕಿದ್ದೆ. ಸರಿಯಾಗಿಯೇ ಕೂತಿತ್ತು.

ಗುಬ್ಬಿ_ಎಫ್‌ಪಿಜಿಎ: ಕೂರುತ್ತದೆ, ಅದೇ ಮೋಸ. ಬೋರ್ಡಿನ ಸಾಕೆಟ್ ನೋಡಿ, ಎರಡು ಅಂತಸ್ತು. ಪ್ರಿಂಟರ್ ಕೇಬಲ್ ಕೆಳಗಿನದಕ್ಕೆ ಮಾತ್ರ ಹೋಗುತ್ತದೆ. ಮೇಲಿನ ಐದು ಪಿನ್ ಖಾಲಿ ಉಳಿಯುತ್ತವೆ. ಯುಎಸ್‌ಬಿ 3ರ ವೇಗ ಇರುವುದೇ ಅಲ್ಲಿ.

ಸಿಗ್ನಲ್_ಭಟ್ಟ: ಆದರೂ ಗೇನ್ ಒಮ್ಮೆ ನೋಡಿಬಿಡಿ.

ಅಲೆಮಾರಿ: ಕೇಬಲ್ ಬದಲಿಸಿದೆ. ಒಂದೂ 'ಓ' ಇಲ್ಲ! 1500 ಬೈಟಿನ ಫ್ರೇಮ್‌ಗಳೂ ಬರುತ್ತಿವೆ. ತುಂಬಾ ಥ್ಯಾಂಕ್ಸ್ ಸರ್. ಈಗ ಫೋನ್ ಜೊತೆ ಮಾತಾಡಿಸಲು ಹೋದರೆ ಅದು ಒಂದೇ ಫ್ರೇಮನ್ನು ಮತ್ತೆ ಮತ್ತೆ ಕಳಿಸುತ್ತದೆ. ಯಾಕೆ?

ಗುಬ್ಬಿ_ಎಫ್‌ಪಿಜಿಎ: ಫ್ರೇಮ್ ಮುಗಿದ 16 ಮೈಕ್ರೋಸೆಕೆಂಡಿಗೆ ನಿಮ್ಮಿಂದ ಎಸಿಕೆ ('ಸಿಕ್ಕಿತು' ಎಂಬ ಉತ್ತರ) ಹೊರಡಬೇಕು. ಯುಎಸ್‌ಬಿ ದಾಟಿ ಲ್ಯಾಪ್‌ಟಾಪ್ ಮುಟ್ಟುವಷ್ಟರಲ್ಲೇ ಹೊತ್ತು ಮೀರಿರುತ್ತದೆ. ಎಸಿಕೆ ಬೋರ್ಡ್ ಮೇಲಿನ ಎಫ್‌ಪಿಜಿಎ (ನಮಗೆ ಬೇಕಾದಂತೆ ಸರ್ಕ್ಯೂಟ್ ಬರೆಯಬಹುದಾದ ಚಿಪ್) ಒಳಗೇ ಆಗಬೇಕು. ನಾನು ಝಿಂಕ್ ಬೋರ್ಡ್ (ಎಫ್‌ಪಿಜಿಎ, ಪ್ರೊಸೆಸರ್ ಒಂದೇ ಚಿಪ್‌ನಲ್ಲಿ) ಮೇಲೆ ಓಪನ್‌ವೈಫೈ ಎಂಬ ಮುಕ್ತ ವೈಫೈ ವಿನ್ಯಾಸ ಹಾಕಿದ್ದೇನೆ, ಫೋನ್ ಸಲೀಸಾಗಿ ಸೇರುತ್ತದೆ.

ಅಲೆಮಾರಿ: ಬಿ210ರ ಎಫ್‌ಪಿಜಿಎಯಲ್ಲಿ ಅಷ್ಟು ಜಾಗ ಉಳಿದಿರುತ್ತದಾ?

ಮಲೆನಾಡ_ಏರಿಯಲ್: ಟೈಪ್ ಅಪ್ರೂವಲ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಸಿಗ್ನಲ್_ಭಟ್ಟ: ನನ್ನ ತಾರಸಿಯಲ್ಲಿ ಈಗ 24 ಡಿಬಿಐ ಡಿಶ್ ಇದೆ. ನಾಳೆ ಫೋಟೊ ಹಾಕುತ್ತೇನೆ.