ಕೀವಿನ ವರದಿಯಲ್ಲಿ ಸಾಲುಸಾಲು ‘ಆರ್’: ಇದು ಯುದ್ಧಭೂಮಿಯ ರೋಗಾಣುವೇ?

ಪ್ರಶ್ನೆ (ಸಿಂಧನೂರಿನಿಂದ): ಮೇಡಂ, ನಮಸ್ಕಾರ. ಟ್ರ್ಯಾಕ್ಟರ್ ಮಗುಚಿ ನನ್ನ ತಮ್ಮನ ಕಾಲಿನ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ರಾಡ್ ಹಾಕಿದ್ದಾರೆ. ಹದಿನೈದು ದಿನವಾದರೂ ಕೀವು ನಿಂತಿಲ್ಲ. ಕೀವಿನ ಕಲ್ಚರ್ ವರದಿಯಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದಿದೆ, ಬಹುತೇಕ ಔಷಧಿಗಳ ಮುಂದೆ ‘ಆರ್’ ಇದೆ. ಉಕ್ರೇನಿನ ಗಾಯಾಳುಗಳನ್ನು ಕಾಡುತ್ತಿರುವುದೂ ಇದೇ ಎಂದು ಓದಿದಾಗಿನಿಂದ ಕೈಕಾಲು ಆಡುತ್ತಿಲ್ಲ. ಗದ್ದೆಯ ಕೆಸರಿನಿಂದ ಬಂತೇ?

ಉತ್ತರ (ಸೂಕ್ಷ್ಮಜೀವಿ ತಜ್ಞೆ, ಬಳ್ಳಾರಿ): ನಿಮ್ಮ ಭಯ ಅರ್ಥವಾಗುತ್ತದೆ. ‘ಆರ್’ ಎಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಎಂದರ್ಥ. ಅದನ್ನು ನಾವು ಬರೆಯುವುದು ಹೀಗೆ: ಕೀವಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ಹರಡಿ, ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ನಾಟಿದರೆ ಮರುದಿನ ಬಿಲ್ಲೆಯ ಸುತ್ತ ಬಯಲು ಕಾಣುತ್ತದೆ. ನಾಟದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಪಾಚಿಯಂತೆ ಬೆಳೆದಿರುತ್ತದೆ. ಇಂಥ ತಟ್ಟೆ ಕಂಡ ದಿನ ನನಗೂ ಸಂಕಟವಾಗುತ್ತದೆ.

ಕೆಸರನ್ನೇ ದೂರಬೇಡಿ. 2003ರ ನಂತರ ಇರಾಕಿನಲ್ಲಿ ಗಾಯಗೊಂಡ ಅಮೆರಿಕದ ಸೈನಿಕರಲ್ಲಿ ಅಸಿನೆಟೊಬ್ಯಾಕ್ಟರ್ ಎಂಬ ಮೊಂಡು ಬ್ಯಾಕ್ಟೀರಿಯಾ ಕಾಣಿಸಿಕೊಂಡಾಗ, ಅಲ್ಲಿನ ಮಣ್ಣೇ ಕಾರಣ ಎಂಬ ಅನುಮಾನವಿತ್ತು. ಹುಡುಕಿದಾಗ ಜಾಡು ಹೋಗಿದ್ದು ಅವರಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗಳಿಗೇ! ಒಣ ಮೇಲ್ಮೈಯಲ್ಲೂ ಅದು ವಾರಗಟ್ಟಲೆ ಬದುಕುತ್ತದೆ. ಉಕ್ರೇನಿನ ಗಾಯಾಳುಗಳ ಮಾದರಿಗಳನ್ನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಪ್ರಯೋಗಿಸಿದ ಯಾವ ಔಷಧಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಸಿಕ್ಕಿತು. 2023ರಲ್ಲಿ ಅದು ಪ್ರಕಟವಾಯಿತು. ಸಿಡಿತಲೆಯ ಗಾಯ, ಸತ್ತ ಮಾಂಸ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಾಟ, ಕಿಕ್ಕಿರಿದ ವಾರ್ಡು: ಯುದ್ಧದಲ್ಲಿ ಇವೆಲ್ಲ ಒಟ್ಟಿಗೆ ಬರುತ್ತವೆ. ಆದರೆ ಇಂಥ ಕ್ಲೆಬ್ಸಿಯೆಲ್ಲಾ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಆ ಯುದ್ಧಕ್ಕೂ ಮೊದಲೇ ಇತ್ತು. ನಿಮ್ಮ ತಮ್ಮನಿಗೂ ಆಸ್ಪತ್ರೆಯಲ್ಲೇ ಅಂಟಿರುವ ಸಾಧ್ಯತೆ ಹೆಚ್ಚು.

ಔಷಧಿಯೊಂದೇ ಇದನ್ನು ಗೆಲ್ಲುವುದಿಲ್ಲ. ಸತ್ತ ಮಾಂಸವನ್ನು ಕತ್ತರಿಸಿ ತೆಗೆದು ಗಾಯ ತೊಳೆಯಬೇಕಾಗಬಹುದು. ಲೋಹದ ಮೇಲೆ ಬ್ಯಾಕ್ಟೀರಿಯಾ ಅಂಟುಪೊರೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ರಾಡ್ ಉಳಿಸಬೇಕೇ ಬದಲಿಸಬೇಕೇ ಎಂದು ಮೂಳೆ ವೈದ್ಯರನ್ನು ನೇರವಾಗಿ ಕೇಳಿ.

ಮರುಪ್ರಶ್ನೆ: ಇನ್ನೂ ಪವರ್ ಇರುವ ಗುಳಿಗೆ ಕೊಡುತ್ತೇನೆ ಎಂದು ಔಷಧಿ ಅಂಗಡಿಯವರು ಹೇಳುತ್ತಿದ್ದಾರೆ. ಕೊಡಿಸಲೇ ಮೇಡಂ?

ಉತ್ತರ: ದಯವಿಟ್ಟು ಬೇಡ. ವರದಿಯಲ್ಲಿ ‘ಆರ್’ ಇರುವ ಔಷಧಿ ಎಷ್ಟು ದುಬಾರಿಯಾದರೂ ಈ ಗಾಯಕ್ಕೆ ದಂಡ. ಕೊನೆಗೆ ಉಳಿಯುವ ಕೊಲಿಸ್ಟಿನ್‌ನಂಥ ಇಂಜೆಕ್ಷನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ರಕ್ತಪರೀಕ್ಷೆ ಮಾಡುತ್ತಲೇ ಕೊಡಬೇಕು. ವರದಿಯನ್ನು ನಾಳೆಯೇ ವೈದ್ಯರ ಕೈಗೆ ಕೊಡಿ. ಜ್ವರ ಬಂದರೆ ನಾಳೆಯವರೆಗೂ ಕಾಯಬೇಡಿ. ಡ್ರೆಸ್ಸಿಂಗ್ ಮುಟ್ಟುವ ಮೊದಲು, ಮುಟ್ಟಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ. ಡ್ರೆಸ್ಸಿಂಗ್ ಮಾಡುವವರು ತೊಳೆಯದೇ ಬಂದರೆ ಸಂಕೋಚಪಡದೆ ಕೇಳಿ.