ಜಿಮ್‌ಗೆ ಕಾರಲ್ಲಿ ಹೋಗಿ ಟ್ರೆಡ್‌ಮಿಲ್ ಮೇಲೆ ನಡೆಯುವುದು: ಫಿಟ್‌ನೆಸ್ ಕೋಚ್‌ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ವಾರಕ್ಕೆ 5 ದಿನ ಜಿಮ್‌ಗೆ ಹೋಗುತ್ತೇನೆ. ಮನೆಯಿಂದ 4 ಕಿ.ಮೀ., ಕಾರಲ್ಲೇ ಹೋಗಿ ಬರುತ್ತೇನೆ. ಅರ್ಧ ಗಂಟೆ ಟ್ರೆಡ್‌ಮಿಲ್, ಆಮೇಲೆ ವೇಟ್ಸ್. ಪರಿಸರಕ್ಕೆ ಹೊರೆ ಕಡಿಮೆ ಮಾಡಬೇಕು ಅಂತ ಆಸೆ. ಪಿವಿಸಿ ಮ್ಯಾಟ್ ಬಿಸಾಡಿ ರಬ್ಬರ್ ಮ್ಯಾಟ್ ತಗೊಳ್ಳಲಾ? ಟೀ ಶರ್ಟ್‌ಗಳನ್ನೂ ಹಳೇ ಬಾಟಲಿಯಿಂದ ಮಾಡಿದ ಬಟ್ಟೆಗೆ ಬದಲಿಸಲಾ? ಎಲ್ಲಿಂದ ಶುರು ಮಾಡಲಿ?

ಕೋಚ್: ಮ್ಯಾಟ್ ಹಾಗೇ ಇರಲಿ. ಕಾರಿನ ಕೀ ಮನೆಯಲ್ಲಿಟ್ಟು ಹೊರಡಿ.

ಲೆಕ್ಕ ನೋಡಿ. ಹೋಗಿ ಬರಲು 8 ಕಿ.ಮೀ., ವಾರಕ್ಕೆ 40. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಎರಡೂವರೆ ಲೀಟರಿಗಿಂತ ಜಾಸ್ತಿ ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ವಾರಕ್ಕೆ 6 ಕೆ.ಜಿ. ಇಷ್ಟು ಹತ್ತಿರದ ಓಡಾಟದಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಹಾಗಾಗಿ ನಿಜವಾದ ಖರ್ಚು ಇನ್ನೂ ಮೇಲೆ. ಟ್ರೆಡ್‌ಮಿಲ್ 700 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಎರಡು ಯೂನಿಟ್ ಕೂಡ ಆಗುವುದಿಲ್ಲ. ಆ ಕರೆಂಟ್ ಪೂರ್ತಿ ಕಲ್ಲಿದ್ದಲಿನಿಂದಲೇ ಬಂದಿದ್ದರೂ 2 ಕೆ.ಜಿ. ಒಳಗೆ ಮುಗಿಯುತ್ತದೆ. ನಿಮ್ಮ ವ್ಯಾಯಾಮದ ಹೊಗೆ ಜಿಮ್ ಒಳಗಿಂತ ಜಾಸ್ತಿ ದಾರಿಯಲ್ಲೇ ಬರುತ್ತಿದೆ.

4 ಕಿ.ಮೀ. ಸೈಕಲ್‌ನಲ್ಲಿ ಆರಾಮಾಗಿ ಹೋದರೂ 15ರಿಂದ 20 ನಿಮಿಷ. ಹೋಗಿ ಬಂದರೆ ಅರ್ಧ ಗಂಟೆ ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಬೇಕು ಅನ್ನುತ್ತದೆ. 5 ದಿನ ಸೈಕಲ್ ತುಳಿದರೆ ಅದು ರಸ್ತೆಯಲ್ಲೇ ಮುಗಿಯಿತು. ಜಿಮ್‌ನಲ್ಲಿ ವೇಟ್ಸ್ ಮಾಡಿ ಬಂದರೆ ಸಾಕು, ಟ್ರೆಡ್‌ಮಿಲ್ ಹತ್ತುವ ಕೆಲಸವೇ ಇಲ್ಲ.

ಟ್ರೆಡ್‌ಮಿಲ್ ಮೂಲವೂ ತಮಾಷೆಯಾಗಿದೆ. 1818ರ ಹೊತ್ತಿಗೆ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಜೈಲುಗಳಿಗಾಗಿ ತುಳಿಯುವ ಚಕ್ರ ಮಾಡಿಕೊಟ್ಟ. ಕೈದಿಗಳು ತುಳಿಯುವುದು, ಕೆಲವು ಕಡೆ ಆ ಬಲದಿಂದ ಕಾಳು ಬೀಸುವುದು, ನೀರೆತ್ತುವುದು. ಈಗ ನಾವು ಕರೆಂಟ್ ಕೊಟ್ಟು ತುಳಿಯುತ್ತೇವೆ, ಅದರ ಜೊತೆ ತಿಂಗಳ ಶುಲ್ಕವನ್ನೂ ಕಟ್ಟುತ್ತೇವೆ!

ಪ್ರಶ್ನೆ: ಹೇಳುವುದು ಸುಲಭ ಸರ್. ನನಗೆ ಬಿಡುವಾಗುವುದೇ ರಾತ್ರಿ 9ಕ್ಕೆ. ಆ ಹೊತ್ತಲ್ಲಿ ನಮ್ಮ ರಸ್ತೆಯಲ್ಲಿ ಹೆಣ್ಣುಮಕ್ಕಳು ಒಬ್ಬರೇ ಸೈಕಲ್‌ನಲ್ಲಿ ಹೋಗುವುದು ಆಗದ ಮಾತು.

ಕೋಚ್: ಸರಿ ಮೇಡಂ, ಹಾಗಿದ್ದಾಗ ಸುಮ್ನೆ ಧೈರ್ಯ ಮಾಡಿ ಅಂತ ನಾನೂ ಹೇಳುವುದಿಲ್ಲ. ಓಡಾಟದ ದಿನಗಳನ್ನು ಕಡಿಮೆ ಮಾಡಿ. ಜಿಮ್‌ಗೆ ವಾರಕ್ಕೆ 2 ದಿನ ಹೋಗಿ ಪೂರ್ತಿ ಮೈಗೆ ವೇಟ್ಸ್ ಮಾಡಿದರೆ ಸ್ನಾಯು ಬಲಕ್ಕೆ ಸಾಕಾಗುತ್ತದೆ. ಅದೇ ಕಡೆ ಹೋಗುವ ಗೆಳತಿ ಇದ್ದರೆ ಒಂದೇ ಗಾಡಿ ಸಾಕು. ಉಳಿದ ದಿನ ಮನೆಯಲ್ಲೇ ಸ್ಕ್ವಾಟ್, ಪುಶ್‌ಅಪ್, ಪ್ಲ್ಯಾಂಕ್, ಮೆಟ್ಟಿಲು ಹತ್ತುವುದು. ಡಂಬೆಲ್ ಬೇಕೆನಿಸಿದರೆ ಯಾರಾದರೂ ಬಳಸಿ ಮೂಲೆಗಿಟ್ಟದ್ದನ್ನು ಕೊಳ್ಳಿ. ಎರಕದ ಕಬ್ಬಿಣ ಹತ್ತಾರು ವರ್ಷ ಸವೆಯುವುದಿಲ್ಲ.

ಪ್ರಶ್ನೆ: ತುಳಿದರೆ ಕರೆಂಟ್ ಬರುವ ಸೈಕಲ್ ಜಿಮ್‌ನಲ್ಲಿಟ್ಟರೆ ಹೇಗೆ ಸರ್? ಜಿಮ್ ತನ್ನ ಕರೆಂಟ್ ತಾನೇ ಮಾಡಿಕೊಳ್ಳಬಹುದಲ್ವಾ?

ಕೋಚ್: ಕೇಳಲು ಚೆನ್ನಾಗಿದೆ, ಲೆಕ್ಕ ಕೂಡುವುದಿಲ್ಲ. ಸಾಮಾನ್ಯ ಮನುಷ್ಯ ಒಂದು ಗಂಟೆ ಬಿಡದೆ ತುಳಿದರೆ ಸುಮಾರು 100 ವ್ಯಾಟ್. ಅಂದರೆ ಯೂನಿಟ್‌ನ ಹತ್ತನೇ ಒಂದು ಭಾಗ. ಅದರಲ್ಲಿ ಫೋನನ್ನು ನಾಲ್ಕಾರು ಸಲ ಚಾರ್ಜ್ ಮಾಡಬಹುದು, ಅಷ್ಟೇ. ಒಂದೂವರೆ ಟನ್ ಎಸಿ ನಡೆಸಲು ಸುಮಾರು 15 ಜನ ತುಳಿಯಬೇಕು. ಅವರ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್‌ಗೆ ಹೋಗುವುದು ಕಾಲು ಭಾಗಕ್ಕಿಂತ ಕಡಿಮೆ, ಮಿಕ್ಕದ್ದೆಲ್ಲ ಶಾಖ. ಆ 15 ಜನರ ಮೈ ಬಿಸಿಯನ್ನು ಹೊರಗೆ ಹಾಕುವುದಕ್ಕೇ ಆ ಎಸಿ ಹೆಚ್ಚುಕಡಿಮೆ ಪೂರ್ತಿ ಬೇಕಾಗುತ್ತದೆ. ಜಿಮ್‌ನವರಿಗೆ ನಿಜವಾಗಿ ಆಸಕ್ತಿ ಇದ್ದರೆ ಕಿಟಕಿ ತೆರೆದು ದೊಡ್ಡ ಫ್ಯಾನ್ ಹಾಕಲಿ.

ಪ್ರಶ್ನೆ: ಮೊದಲು ಕೇಳಿದವನೇ ನಾನು. ಮ್ಯಾಟ್, ಬಟ್ಟೆ ವಿಚಾರ ಹೇಳಲೇ ಇಲ್ಲವಲ್ಲ ಸರ್?

ಕೋಚ್: ಚೆನ್ನಾಗಿರುವ ಮ್ಯಾಟ್ ಬಿಸಾಡಿದರೆ ಕಸವೂ ಆಯ್ತು, ಇನ್ನೊಂದನ್ನು ತಯಾರಿಸಿದ ಹಾಗೂ ಆಯ್ತು. ಪಿವಿಸಿ ಮರುಬಳಕೆಗೆ ಕಷ್ಟದ ಪ್ಲಾಸ್ಟಿಕ್, ನಿಜ. ಅದಕ್ಕೇ ಹರಿಯುವ ತನಕ ಬಳಸಿ. ಆಮೇಲೆ ನೈಸರ್ಗಿಕ ರಬ್ಬರ್ ಅಥವಾ ದಪ್ಪ ಹತ್ತಿಯದ್ದು ನೋಡಿ. ರಬ್ಬರನ್ನು ಬಿಸಿಲಿಗೆ ಒಣಹಾಕಬೇಡಿ, ಬಿರುಕು ಬಿಡುತ್ತದೆ. ಲೇಟೆಕ್ಸ್ (ರಬ್ಬರ್ ಮರದ ಹಾಲು) ಅಲರ್ಜಿ ಇರುವವರಿಗೆ ರಬ್ಬರ್ ಮ್ಯಾಟ್ ಬೇಡ.

ಬಾಟಲಿಯಿಂದ ಮಾಡಿದ ಟೀ ಶರ್ಟ್ ಕೂಡ ಪಾಲಿಯೆಸ್ಟರೇ. ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ. ಇರುವ ಬಟ್ಟೆಯನ್ನೇ ತಣ್ಣೀರಲ್ಲಿ, ಮಷಿನ್ ತುಂಬಿದ ಮೇಲೆ, ಕಡಿಮೆ ಹೊತ್ತಿನ ಸೆಟ್ಟಿಂಗ್‌ನಲ್ಲಿ ಒಗೆಯಿರಿ. ಡ್ರೈಯರ್ ಬಿಟ್ಟು ತಂತಿ ಮೇಲೆ ಒಣಗಿಸಿ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ, ಅದು ಬಟ್ಟೆ ಬೆವರು ಹೀರುವುದನ್ನೇ ಕೆಡಿಸುತ್ತದೆ.

ಪ್ರಶ್ನೆ: ಓಡುವ ಶೂಗಳನ್ನು ಎಷ್ಟು ದಿನ ಎಳೆಯಬಹುದು?

ಕೋಚ್: ಸಾಮಾನ್ಯವಾಗಿ 500ರಿಂದ 800 ಕಿ.ಮೀ. 2013ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಂತೆ ಒಂದು ಜೊತೆ ಶೂಗೆ ಸುಮಾರು 14 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅದರಲ್ಲಿ ಬಹುಪಾಲು ಕಾರ್ಖಾನೆಯಲ್ಲೇ. ಹಾಗಂತ ಅಟ್ಟೆ ಕುಸಿದ ಶೂನಲ್ಲಿ ಓಡಿ ಮಂಡಿ ನೋವು ತಂದುಕೊಳ್ಳಬೇಡಿ. ಹಳೆಯದನ್ನು ವಾಕಿಂಗ್‌ಗೆ ಇಟ್ಟುಕೊಳ್ಳಿ. ಬಣ್ಣ ಹೊಸದು ಬಂತು ಅಂತ ಕೊಳ್ಳುವುದನ್ನು ಬಿಟ್ಟರೆ ಆಯ್ತು.

ಪ್ರಶ್ನೆ: ಹೊರಗೆ ಓಡಿದರೆ ಹೊಗೆ ಕುಡಿದ ಹಾಗೆ ಆಗುವುದಿಲ್ಲವೇ?

ಕೋಚ್: ಓಡುವಾಗ ಉಸಿರು ಹಲವು ಪಟ್ಟು ಜಾಸ್ತಿ, ಹಾಗಾಗಿ ಜಾಗ ನೋಡಿಕೊಳ್ಳಬೇಕು. ದೊಡ್ಡ ರಸ್ತೆ ಬಿಟ್ಟು ಒಳಗಿನ ರಸ್ತೆ ಹಿಡಿದರೂ ವ್ಯತ್ಯಾಸ ಆಗುತ್ತದೆ. ಸುಡು ಬಿಸಿಲಿನ ಮಧ್ಯಾಹ್ನ ನೆಲಮಟ್ಟದಲ್ಲಿ ಓಝೋನ್ ಏರುತ್ತದೆ, ಆ ಅನಿಲ ಉಸಿರಿಗೆ ಕೆಟ್ಟದ್ದು. ಚಳಿಗಾಲದ ಮುಂಜಾನೆ ಹೊಗೆ ನೆಲಕ್ಕೇ ಕೂತಿರಬಹುದು. ಫೋನ್‌ನಲ್ಲಿ ಗಾಳಿಯ ಗುಣಮಟ್ಟ ನೋಡಿ, ಕೆಟ್ಟಿದ್ದರೆ ಆ ದಿನ ಮನೆಯೊಳಗೆ ಮಾಡಿ. ಅಸ್ತಮಾ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಪ್ರಶ್ನೆ: ಓಡುತ್ತಾ ಕಸ ಹೆಕ್ಕುವ ಪ್ಲಾಗಿಂಗ್ ಬಗ್ಗೆ? ನಿಂತು ನಿಂತು ಓಡಿದರೆ ಲಾಭ ಇದೆಯಾ?

ಕೋಚ್: ಸ್ವೀಡನ್‌ನಲ್ಲಿ 2016ರ ಸುಮಾರಿಗೆ ಶುರುವಾದ ಅಭ್ಯಾಸ ಅದು. ಓಟದ ಲಯ ತಪ್ಪುತ್ತದೆ, ರೇಸ್‌ಗೆ ತಯಾರಿ ಮಾಡುವವರಿಗೆ ಆ ದಿನ ಲೆಕ್ಕಕ್ಕಿಲ್ಲ. ಬೇರೆಯವರಿಗೆ ಒಳ್ಳೆಯದೇ. ಪ್ರತಿ ಸಲವೂ ಮಂಡಿ ಮಡಿಸಿ ಸ್ಕ್ವಾಟ್ ಥರ ಕೂತು ಎತ್ತಿ, ಸೊಂಟ ಬಗ್ಗಿಸಿ ಅಲ್ಲ. ಚೀಲವನ್ನು ಆಗಾಗ ಕೈ ಬದಲಿಸಿ. ದಪ್ಪ ಕೈಗವಸು ಹಾಕಿ. ಸಿರಿಂಜ್, ಒಡೆದ ಗಾಜು ಕಂಡರೆ ಮುಟ್ಟದೆ ಮುಂದೆ ಹೋಗಿ.